ನಾಲ್ಕು ಪರ್ಸೆಂಟ್ ಯಾವುದರ ಮೇಲೆ?

ನಮ್ಮ ಕರಾವಳಿಯಲ್ಲಿ ತರಕಾರಿ ಹೋಲ್‌ಸೇಲ್ ಮಾಡುವ ಕೆಲವು ಮನೆಗಳಲ್ಲಿ ಒಡ್ಡನ್‌ಛತ್ರಂ ಎಂಬ ಹೆಸರು ದಿನಕ್ಕೆ ಹತ್ತು ಸಲ ಕೇಳಿಸುತ್ತದೆ. ಆ ಊರನ್ನು ಕಣ್ಣಾರೆ ನೋಡಿದವರು ಕಡಿಮೆ. ಅಲ್ಲಿಂದ ಬಂದ ನುಗ್ಗೆಕಾಯಿ, ಸಣ್ಣ ಈರುಳ್ಳಿ ತಿಂದವರು ಬಹಳ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ, ದಿಂಡಿಗಲ್ಲಿನಿಂದ ಪಳನಿಗೆ ಹೋಗುವ ರಸ್ತೆಯ ನಡುವೆ ಸಿಗುವ ಊರು ಅದು. ಊರು ದೊಡ್ಡದೇನಲ್ಲ, ಮಾರ್ಕೆಟ್ ಮಾತ್ರ ಬಹಳ ದೊಡ್ಡದು. ಸುತ್ತಲಿನ ಹಳ್ಳಿಗಳ ತರಕಾರಿ ಅಲ್ಲಿಗೆ ಬರುತ್ತದೆ, ಅಲ್ಲಿಂದ ಲಾರಿಗಳಲ್ಲಿ ಹೊರಟು ಪಾಲಕ್ಕಾಡಿನ ದಾರಿಯಾಗಿ ಕೇರಳಕ್ಕೆ ಇಳಿಯುತ್ತದೆ. ಆ ಲಾರಿಗಳಲ್ಲಿ ಒಂದೆರಡು ಇನ್ನೂ ಮುಂದೆ, ಕಣ್ಣೂರು, ಕಾಸರಗೋಡು ದಾಟಿ ಮಂಗಳೂರಿಗೂ ಬರುತ್ತವೆ. ನಮ್ಮ ಕಾಕನ ಅಂಗಡಿಗೆ ಮಾಲು ಬರುವುದು ಹಾಗೆ.

ಇದು ತರಕಾರಿಯ ಲೇಖನ ಅಲ್ಲ, ಲೆಕ್ಕದ ಲೇಖನ. ಕೂಡು, ಕಳೆ, ಗುಣಿಸು, ಭಾಗಿಸು ಎಂಬ ನಾಲ್ಕು ಚಿಹ್ನೆಗಳಲ್ಲಿ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಬೇಕು ಎಂಬ ಸಣ್ಣ ವಿಷಯ. ಶಾಲೆಯಲ್ಲಿ ಐದು ಅಂಕಕ್ಕೆ ಕಲಿತು ಮರೆತದ್ದು. ಆ ಸಣ್ಣ ವಿಷಯದಿಂದ ಹದಿನೇಳು ವರ್ಷದ ಒಂದು ವ್ಯವಹಾರ ಮುರಿದು ಬೀಳುವುದರಲ್ಲಿತ್ತು. ಒಬ್ಬ ಪ್ರಾಮಾಣಿಕ ಮನುಷ್ಯನ ಮೇಲೆ ಕಳ್ಳ ಎಂಬ ಹೆಸರೂ ಬಿದ್ದಿತ್ತು.

ಕಾಕನ ವ್ಯವಹಾರ ಹೇಗೆ ನಡೆಯುತ್ತಿತ್ತು ಎಂದು ಮೊದಲು ಹೇಳುತ್ತೇನೆ. ರಾತ್ರಿ ಫೋನಿನಲ್ಲಿ ಮಾತು: ನಾಳೆಗೆ ಇಷ್ಟು ಚೀಲ ಸಣ್ಣ ಈರುಳ್ಳಿ, ಇಷ್ಟು ಕಟ್ಟು ನುಗ್ಗೆ. ಅಲ್ಲಿನ ಮಂಡಿಯವರು ಕಾಕನ ಪರವಾಗಿ ಖರೀದಿ ಮಾಡಿ, ಲೋಡ್ ಮಾಡಿಸಿ, ಲಾರಿ ಬಾಡಿಗೆಯನ್ನು ತಾವೇ ಕೊಟ್ಟು ಕಳುಹಿಸುತ್ತಾರೆ. ಬಿಲ್ಲು ಡ್ರೈವರ್ ಕೈಯಲ್ಲಿ ಬರುತ್ತದೆ. ಹಣ ಹೋಗುವುದು ಆಮೇಲೆ, ವಾರಕ್ಕೊಮ್ಮೆ. ಕಾಗದದ ಒಪ್ಪಂದ ಇಲ್ಲ, ಸಾಕ್ಷಿ ಇಲ್ಲ. ಕೆಲವು ಲಕ್ಷದ ಮಾಲು ಬರೀ ಬಾಯಿಮಾತಿನ ಮೇಲೆ ಓಡಾಡುತ್ತದೆ. ತುಳುವಿನಲ್ಲಿ ಬ್ಯಾರ ಎಂದರೆ ವ್ಯಾಪಾರ, ಅದರಿಂದಲೇ ನಮಗೆ ಬ್ಯಾರಿ ಎಂಬ ಹೆಸರು ಬಂತು ಎಂದು ಹೇಳುವವರಿದ್ದಾರೆ. ಅದು ಹೌದೋ ಅಲ್ಲವೋ, ಬಾಯಿಮಾತು ಒಂದು ಸಲ ಕೆಟ್ಟರೆ ವ್ಯಾಪಾರವೇ ಇಲ್ಲ ಎಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು.

ಆ ಮಂಡಿಯ ಲೆಕ್ಕ ಬರೆಯುವವರು ವಯಸ್ಸಾದವರು. ಅಲ್ಲಿ ಅವರನ್ನು ಕಣಕ್ಕುಪಿಳ್ಳೈ ಎನ್ನುತ್ತಾರೆ. ಅವರ ಮೂಲ ಕಂಬಂ ಕಣಿವೆ. ತೇನಿ, ಕಂಬಂ ಕಡೆ ಮನೆಯೊಳಗೆ ತಲೆತಲಾಂತರದಿಂದ ಕನ್ನಡ ಮಾತಾಡುವ ಒಕ್ಕಲಿಗರು, ಕಪ್ಪಿಲಿಯರ್ ಕುಟುಂಬಗಳು ಇವೆ. ಅವರಿಗೆ ಕನ್ನಡ ಓದಲು ಬರೆಯಲು ಬರುವುದಿಲ್ಲ, ಓದಿದ್ದೆಲ್ಲ ತಮಿಳು. ಆದರೆ ಮನೆಮಾತು ಕನ್ನಡ. ಕಾಕನಿಗೂ ಅವರಿಗೂ ಸ್ನೇಹ ಆದದ್ದೇ ಹೀಗೆ. ಕಾಕನ ಕನ್ನಡದಲ್ಲಿ ಅರ್ಧ ತುಳು, ಅರ್ಧ ಬ್ಯಾರಿ. ಅವರ ಕನ್ನಡದಲ್ಲಿ ಅರ್ಧ ತಮಿಳು. ಫೋನಿನಲ್ಲಿ ಇಬ್ಬರೂ ಜೋರಾಗಿ ಮಾತಾಡಿದರೆ ಪಕ್ಕದಲ್ಲಿದ್ದವರಿಗೆ ಒಂದೂ ಅರ್ಥವಾಗದು. ಅವರಿಬ್ಬರ ನಡುವೆ ಮಾತ್ರ ಒಂದು ಪೈಸೆ ವ್ಯತ್ಯಾಸ ಬಂದದ್ದಿಲ್ಲ. ಅವರ ಮಗಳ ಮದುವೆಗೆ ಕಾಕ ಇಲ್ಲಿಂದ ಹೋಗಿ ಬಂದಿದ್ದರು.

ತೊಂದರೆ ಶುರುವಾದದ್ದು ಮಂಡಿಗೆ ಹೊಸ ಬಿಲ್ಲಿಂಗ್ ಬಂದ ಮೇಲೆ. ಮೊದಲು ಬಿಲ್ಲು ಕೈಬರಹದಲ್ಲಿ ಇರುತ್ತಿತ್ತು. ಮಾಲಿಕರ ಮಗ ಯಾರಿಂದಲೋ ಒಂದು ಕಂಪ್ಯೂಟರ್ ಪ್ರೋಗ್ರಾಂ ಮಾಡಿಸಿ ಪ್ರಿಂಟರ್ ಇಟ್ಟರು. ನಾಲ್ಕು ತಿಂಗಳು ಕಳೆದ ಮೇಲೆ ಕಾಕನ ಮಗ ಹಳೆಯ ಬಿಲ್ಲು, ಹೊಸ ಬಿಲ್ಲು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ. ನೋಡಿ, "ಕಂಪ್ಯೂಟರ್ ಬಂದ ದಿನದಿಂದ ಇವರು ನಮ್ಮ ಹಣ ತಿನ್ನುತ್ತಿದ್ದಾರೆ" ಎಂದ.

ಅವನು ತೋರಿಸಿದ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ಅಂಕೆಗಳನ್ನು ಸುಲಭವಾಗುವಂತೆ ದುಂಡಗೆ ಮಾಡಿದ್ದೇನೆ.

25 ಚೀಲ ಸಣ್ಣ ಈರುಳ್ಳಿ, ಒಟ್ಟು ತೂಕ 1,250 ಕಿಲೋ. ಚೀಲದ ತೂಕ ತಲಾ 1 ಕಿಲೋ ಕಳೆದರೆ 1,225 ಕಿಲೋ. ಕಿಲೋಗೆ 32 ರೂಪಾಯಿಯಂತೆ ಮಾಲಿನ ಬೆಲೆ 39,200. ಲೋಡಿಂಗ್ ಕೂಲಿ ಚೀಲಕ್ಕೆ 10ರಂತೆ 250. ಲಾರಿ ಬಾಡಿಗೆಯ ಪಾಲು 3,500. ಮಂಡಿಯವರ ದಲ್ಲಾಳಿ 4 ಪರ್ಸೆಂಟ್. ಹಳೆಯ ಬಿಲ್ಲಿನಲ್ಲಿ ದಲ್ಲಾಳಿ 1,568 ರೂಪಾಯಿ, ಒಟ್ಟು 44,518. ಹೊಸ ಬಿಲ್ಲಿನಲ್ಲಿ ದಲ್ಲಾಳಿ 1,718, ಒಟ್ಟು 44,668. ಮಾಲು ಅಷ್ಟೇ, ದರ ಅಷ್ಟೇ, ಪರ್ಸೆಂಟ್ ಕೂಡ ಅದೇ ನಾಲ್ಕು. ಆದರೆ ಒಂದು ಲೋಡಿಗೆ 150 ರೂಪಾಯಿ ಹೆಚ್ಚು.

ಕಾಕನ ಮಗ ಫೋನ್ ಮಾಡಿ ಕೇಳಿದ. ಕಣಕ್ಕುಪಿಳ್ಳೈಯವರು ಹೇಳಿದ್ದು ಒಂದೇ ಮಾತು: "ಆವತ್ತೂ ನಾಲ್ಕು, ಈವತ್ತೂ ನಾಲ್ಕು. ಒಂದು ರೂಪಾಯಿ ಜಾಸ್ತಿ ಹಾಕಿಲ್ಲ." ಇವನು ಬಿಲ್ಲಿನಲ್ಲಿರುವ 1,718 ಓದಿ ಹೇಳಿದ. ಅವರು ತಮ್ಮ ಮೇಜಿನ ಮೇಲಿನ ಕ್ಯಾಲ್ಕುಲೇಟರ್ ಒತ್ತಿ ನೋಡಿ, "ಮಿಶಿನ್ ಕೂಡ ಅದನ್ನೇ ಹೇಳುತ್ತದೆ" ಎಂದರು. ಇವನು ತನ್ನ ಮೊಬೈಲಿನ ಎಕ್ಸೆಲ್ ಹಾಳೆಯಲ್ಲಿ ಅವರು ಹೇಳಿದ ಹಾಗೆಯೇ ಹೊಡೆದ. ಅದರಲ್ಲಿ ಬಂದದ್ದು ಇನ್ನೊಂದು ಅಂಕೆ, ತಲೆಬುಡ ಇಲ್ಲದ್ದು. ಮಾತಿಗೆ ಮಾತು ಬೆಳೆಯಿತು. ಇವನ ಬಾಯಿಂದ ಬರಬಾರದ ಶಬ್ದ ಬಂತು. ಆ ಕಡೆಯಿಂದ ಫೋನ್ ಇಟ್ಟ ಸದ್ದು ಕೇಳಿತು.

ಕಾಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಗನನ್ನು ಬಿಟ್ಟುಕೊಡುವಂತಿಲ್ಲ, ಆ ಕಡೆಯವರನ್ನು ಕಳ್ಳ ಎನ್ನಲೂ ನಾಲಿಗೆ ಏಳುವುದಿಲ್ಲ. ಬಿಲ್ಲಿನಲ್ಲಿ ವ್ಯತ್ಯಾಸ ಇರುವುದೂ ನಿಜ. ನಾನು ಕಂಪ್ಯೂಟರ್ ಓದಿದವನು, ಲೆಕ್ಕಪತ್ರದ ಪ್ರೋಗ್ರಾಂಗಳ ಜೊತೆ ಕೆಲಸ ಮಾಡುವವನು. ನಾಲ್ಕು ತಿಂಗಳ 86 ಬಿಲ್ಲುಗಳ ಕಟ್ಟನ್ನು ಕೈಗೆ ಕೊಟ್ಟು, "ಹೋಗಿ ನೋಡಿ ಬಾ, ಮಾತು ಮಾತ್ರ ಜೋರು ಮಾಡಬೇಡ" ಎಂದರು ಕಾಕ.

ಒಡ್ಡನ್‌ಛತ್ರದ ಮಂಡಿಯಲ್ಲಿ ಕೂತು ಮಾತಾಡುವುದು ಕಷ್ಟ. ಹರಾಜಿನ ಕೂಗು, ಚೀಲ ಎಸೆಯುವ ಸದ್ದು, ಲಾರಿ ಹಿಂದಕ್ಕೆ ತೆಗೆಯುವವರ ಬೊಬ್ಬೆ. ಕಣಕ್ಕುಪಿಳ್ಳೈಯವರು ನನ್ನನ್ನು ಮೊದಲು "ಭಾಯ್" ಎಂದೇ ಕರೆದರು, ಅಪರಿಚಿತರನ್ನು ಕರೆಯುವ ಹಾಗೆ. ಕಾಕನ ಸಲಾಂ ತಲುಪಿಸಿದೆ. ಚಹಾ ತರಿಸಿದರು. ಮುಖ ಮಾತ್ರ ಗಟ್ಟಿಯಾಗಿಯೇ ಇತ್ತು. ಬಿಲ್ಲಿನ ಕಟ್ಟನ್ನು ನಾನು ಬಿಚ್ಚಲಿಲ್ಲ. "ಅಯ್ಯಾ, ಒಂದು ಲೋಡಿನ ಲೆಕ್ಕವನ್ನು ನೀವು ಹೇಗೆ ಮಾಡುತ್ತೀರಿ ಎಂದು ಬಾಯಲ್ಲೇ ಹೇಳಿ, ನಾನು ಬರೆದುಕೊಳ್ಳುತ್ತೇನೆ" ಎಂದೆ.

ಅವರು ಹೇಳಿದರು: "ಮಾಲಿನ ದುಡ್ಡು ಮೂವತ್ತೊಂಬತ್ತು ಸಾವಿರದ ಇನ್ನೂರು. ಅದಕ್ಕೆ ನೂರಕ್ಕೆ ನಾಲ್ಕು ಸೇರಿಸು. ಆಮೇಲೆ ಕೂಲಿ ಹಾಕು. ಆಮೇಲೆ ಬಾಡಿಗೆ ಹಾಕು."

ಬರೆದುಕೊಂಡು ಮಾಡಿದೆ. 44,518. ಹಳೆಯ ಬಿಲ್ಲಿನ ಮೊತ್ತ, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆ ಇಲ್ಲ.

ಆಮೇಲೆ ಹಳೆಯ ಕೈಬರಹದ ಬಿಲ್ಲನ್ನು ಕೇಳಿ ತೆಗೆಸಿದೆ. ಅದರಲ್ಲಿ ಮೇಲಿನಿಂದ ಕೆಳಗೆ ಹೀಗೆ ಇತ್ತು: ಮಾಲು 39,200, ಕೂಲಿ 250, ಬಾಡಿಗೆ 3,500, ದಲ್ಲಾಳಿ 4 ಪರ್ಸೆಂಟ್ 1,568. ಲೆಕ್ಕ ಮಾಡುವಾಗ ಅವರು ದಲ್ಲಾಳಿಯನ್ನು ಮಾಲಿನ ಮೇಲೆ ಮೊದಲೇ ಹಾಕುತ್ತಿದ್ದರು. ಬರೆಯುವಾಗ ಮಾತ್ರ ಕೊನೆಯ ಸಾಲಿನಲ್ಲಿ ಬರೆಯುತ್ತಿದ್ದರು. ತಮ್ಮ ಮಂಡಿಯ ಪಾಲನ್ನು ಎಲ್ಲರ ಖರ್ಚು ಆದ ಮೇಲೆ ಬರೆಯುವುದು ಮರ್ಯಾದೆ ಎಂದು ಅವರ ಗುರುಗಳು ಕಲಿಸಿದ್ದರಂತೆ. ಪ್ರೋಗ್ರಾಂ ಬರೆದ ಹುಡುಗ ಈ ಕಾಗದವನ್ನು ನೋಡಿ ಮಾಡಿದ. ಅವನು ಮಾತನ್ನು ಕೇಳಿಸಿಕೊಂಡಿರಲಿಲ್ಲ. ಮೇಲಿನ ಮೂರನ್ನು ಕೂಡಿಸು, ಬಂದದ್ದರ ಮೇಲೆ ನಾಲ್ಕು ಪರ್ಸೆಂಟ್ ಹಾಕು ಎಂದು ಯಂತ್ರಕ್ಕೆ ಹೇಳಿಕೊಟ್ಟ. 39,200, 250, 3,500 ಕೂಡಿದರೆ 42,950. ಅದರ ನಾಲ್ಕು ಪರ್ಸೆಂಟ್ 1,718. ಆ 150 ರೂಪಾಯಿ ಎಂದರೆ ಕೂಲಿ ಮತ್ತು ಬಾಡಿಗೆಯ ಮೇಲೆ ಬಿದ್ದ ದಲ್ಲಾಳಿ.

ಹಾಗಾದರೆ ಕಣಕ್ಕುಪಿಳ್ಳೈಯವರ ಕ್ಯಾಲ್ಕುಲೇಟರ್ ಅದಕ್ಕೆ ಯಾಕೆ ಹೌದು ಎಂದಿತು, ನಮ್ಮ ಹುಡುಗನ ಎಕ್ಸೆಲ್ ಯಾಕೆ ಬೇರೆ ಹೇಳಿತು? ಮಜಾ ಇರುವುದು ಇಲ್ಲಿ. ನೀವೂ ಮಾಡಿ ನೋಡಬಹುದು. ಅಂಗಡಿಯ ಮೇಜಿನ ಮೇಲೆ ಇಡುವ ಹನ್ನೆರಡು ಅಂಕೆಯ ಸಾದಾ ಕ್ಯಾಲ್ಕುಲೇಟರ್‌ನಲ್ಲಿ 2 + 3 × 4 ಒತ್ತಿ. 20 ಬರುತ್ತದೆ. ಅದೇ ಮೊಬೈಲಿನಲ್ಲಿ ಒತ್ತಿದರೆ 14. ವಿಂಡೋಸ್ ಕಂಪ್ಯೂಟರಿನ ಕ್ಯಾಲ್ಕುಲೇಟರ್ ಒಂದರಲ್ಲೇ ಎರಡೂ ಸಿಗುತ್ತದೆ: ಸ್ಟ್ಯಾಂಡರ್ಡ್ ಎಂದು ಇಟ್ಟರೆ 20, ಸೈಂಟಿಫಿಕ್ ಎಂದು ಇಟ್ಟರೆ 14. ಯಾವುದೂ ಕೆಟ್ಟಿಲ್ಲ. ಸಾದಾ ಯಂತ್ರ ಕೈಗೆ ಬಂದದ್ದನ್ನು ಬಂದ ಹಾಗೆಯೇ ಮುಗಿಸುತ್ತದೆ. ಎರಡು, ಮೂರು ಕೂಡಿ ಐದು ಮಾಡಿಟ್ಟು ನಾಲ್ಕಕ್ಕೆ ಕಾಯುತ್ತದೆ. ಮೊಬೈಲು ಇಡೀ ಸಾಲು ನೋಡಿ, ಗುಣಾಕಾರಕ್ಕೆ ಮೊದಲ ಸರದಿ ಕೊಡುತ್ತದೆ.

ಬಿಲ್ಲಿಗೂ ಇದೇ ಆಯಿತು. 39200 + 250 + 3500 × 4 % ಎಂದು ಸಾದಾ ಯಂತ್ರದಲ್ಲಿ ಒತ್ತಿದರೆ 42,950ರ ನಾಲ್ಕು ಪರ್ಸೆಂಟ್, ಅಂದರೆ 1,718. ಅದೇ ಸಾಲನ್ನು ಎಕ್ಸೆಲ್‌ನಲ್ಲಿ ಹೊಡೆದರೆ ನಾಲ್ಕು ಪರ್ಸೆಂಟ್ ಬರೀ ಪಕ್ಕದ 3,500ಕ್ಕೆ ಅಂಟಿಕೊಳ್ಳುತ್ತದೆ. 140 ಆಗಿ, ಉಳಿದದ್ದರ ಜೊತೆ ಕೂಡಿ 39,590. ಇಬ್ಬರೂ ಒತ್ತಿದ್ದು ಒಂದೇ ಕೀಲಿಗಳು, ಒಂದೇ ಕ್ರಮದಲ್ಲಿ. ಇಬ್ಬರ ಕೈಯಲ್ಲೂ ಯಂತ್ರದ ಸಾಕ್ಷಿ ಇತ್ತು. ಆದರೆ ನಾಲ್ಕು ಪರ್ಸೆಂಟ್ ಮಾಲಿನ ಮೇಲೆ ಎಂಬ ಮಾತು ಇಬ್ಬರ ಯಂತ್ರದೊಳಗೂ ಹೋಗಿರಲಿಲ್ಲ.

ಪರ್ಸೆಂಟ್ ಕೀಲಿಯಂತೂ ಇನ್ನೂ ತರಲೆಯದು. 500 − 10% ಎಂದು ಹೆಚ್ಚಿನ ಮೊಬೈಲುಗಳಲ್ಲಿ ಹೊಡೆದರೆ 450 ಬರುತ್ತದೆ, ಐನೂರರ ಹತ್ತು ಪರ್ಸೆಂಟ್ ಕಳೆದು. ಎಕ್ಸೆಲ್‌ನಲ್ಲಿ ಹೊಡೆದರೆ 499.9. ಅದಕ್ಕೆ 10% ಎಂದರೆ ಬರೀ 0.1, ಯಾವುದರ ಹತ್ತು ಪರ್ಸೆಂಟ್ ಎಂದು ಅದು ಕೇಳುವುದಿಲ್ಲ. ನಮ್ಮವರಲ್ಲಿ ಎಷ್ಟೋ ಮಂದಿ ಗಲ್ಫಿನಲ್ಲಿ ಅಂಗಡಿ, ಗೋದಾಮುಗಳ ಲೆಕ್ಕ ಬರೆಯುತ್ತಾರೆ. ಅವರಿಗೆ ಇದು ದಿನದ ಅನುಭವ ಇರಬಹುದು.

ಯಾಕೆ ಗುಣಾಕಾರ ಮೊದಲು? ಬೋಡ್‌ಮಾಸ್ ಎಂದು ಕಲಿಸಿದ ಮೇಷ್ಟ್ರು ಅದನ್ನು ಸೂರ್ಯ ಪೂರ್ವಕ್ಕೆ ಹುಟ್ಟುವಂತೆ ಹೇಳಿಬಿಟ್ಟರು. ಅದು ನಿಸರ್ಗದ ನಿಯಮ ಅಲ್ಲ, ಬರೆಯುವವರ ನಡುವಿನ ಒಪ್ಪಂದ. ಚಿಹ್ನೆಗಳೇ ಇಲ್ಲದ ಕಾಲದಲ್ಲಿ ಈ ಒಪ್ಪಂದ ಬೇಕಾಗಿರಲಿಲ್ಲ. ನಮ್ಮ ಕನ್ನಡದಲ್ಲೇ 12ನೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ' ಬರೆದ. ಆಗ ಲೆಕ್ಕವನ್ನು ಮಾತಿನಲ್ಲಿ ಹೇಳುತ್ತಿದ್ದರು. ಇದಕ್ಕೆ ಇದನ್ನು ಕೂಡಿಸಿ, ಬಂದದ್ದನ್ನು ಇಷ್ಟರಿಂದ ಗುಣಿಸು ಎಂದರೆ ಕ್ರಮ ಮಾತಿನೊಳಗೇ ಇರುತ್ತದೆ. ಇಂದು ನಾವು ಬಳಸುವ + ಮತ್ತು − ಚಿಹ್ನೆಗಳು ಮೊದಲು ಅಚ್ಚಾದದ್ದು 1489ರಲ್ಲಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿ, ಯೊಹಾನೆಸ್ ವಿಡ್‌ಮನ್ ಎಂಬವನ ಪುಸ್ತಕದಲ್ಲಿ. ಅದು ವ್ಯಾಪಾರಿಗಳಿಗಾಗಿ ಬರೆದ ಗಣಿತ. ಅದರಲ್ಲಿ ಅಂಜೂರದ ಪೆಟ್ಟಿಗೆಗಳ ಲೆಕ್ಕ ಒಂದಿದೆ. ಯಾವ ಪೆಟ್ಟಿಗೆ ತೂಕದಲ್ಲಿ ಎಷ್ಟು ಹೆಚ್ಚು, ಯಾವುದು ಎಷ್ಟು ಕಡಿಮೆ ಎಂದು ತೋರಿಸಲು ಈ ಗೆರೆಗಳು. ಪೆಟ್ಟಿಗೆಯ ಮರದ ತೂಕವನ್ನೂ ಕಳೆಯಬೇಕು, ನಾವು ಚೀಲದ ತೂಕ ಕಳೆಯುವಂತೆ. ಅಂದರೆ ಈ ಚಿಹ್ನೆಗಳು ಅಚ್ಚಿಗೆ ಬಂದದ್ದೇ ನಮ್ಮಂಥ ವ್ಯಾಪಾರಿಗಳ ತೂಕದ ಲೆಕ್ಕದಲ್ಲಿ. ಚಿಹ್ನೆ ಬಂದ ಮೇಲೆ ಬರೆಯುವುದು ಚುರುಕಾಯಿತು. ಆದರೆ ಮಾತಿನಲ್ಲಿದ್ದ "ಆಮೇಲೆ", "ಅದರ ಮೇಲೆ" ಎಂಬ ಶಬ್ದಗಳು ಬಿದ್ದುಹೋದವು. ಅವುಗಳ ಜಾಗಕ್ಕೆ ಆದ್ಯತೆಯ ನಿಯಮ ಬಂತು, ಬ್ರ್ಯಾಕೆಟ್ ಬಂತು.

ಆ 86 ಬಿಲ್ಲುಗಳನ್ನು ನಾನು ನನ್ನ ಲ್ಯಾಪ್‌ಟಾಪಿನಲ್ಲಿ ಬಿ.ಸಿ. ಎಂಬ ಪುಟ್ಟ ಲೆಕ್ಕದ ಭಾಷೆಯಲ್ಲಿ ಪರೀಕ್ಷೆ ಮಾಡಿದೆ. ಯುನಿಕ್ಸ್ ಗಣಕಗಳಲ್ಲಿ ಬಹಳ ಕಾಲದಿಂದ ಇರುವ ಕ್ಯಾಲ್ಕುಲೇಟರ್ ಭಾಷೆ ಅದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಲೊರಿಂಡಾ ಚೆರಿ ಮತ್ತು ರಾಬರ್ಟ್ ಮಾರಿಸ್ ಬರೆದದ್ದು, 1975ರಲ್ಲಿ ಹೊರಬಂದದ್ದು. ಅದಕ್ಕೆ ಒಬ್ಬ ಅಣ್ಣನೂ ಇದ್ದಾನೆ, ಡಿ.ಸಿ. ಎಂದು ಹೆಸರು. ಮೊದಲ ಬಿ.ಸಿ. ತಾನಾಗಿ ಲೆಕ್ಕ ಮಾಡುತ್ತಲೇ ಇರಲಿಲ್ಲ. ನಾವು ಬರೆದ ಸಾಲನ್ನು ಓದಿ, ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸಿ ಡಿ.ಸಿ.ಗೆ ಹೇಳಿಕೊಡುತ್ತಿತ್ತು. ಗುಮಾಸ್ತ ಚೀಟಿ ಓದಿ ಮಾಲಿಕನಿಗೆ ವಿವರಿಸುವ ಹಾಗೆ.

ಡಿ.ಸಿ.ಗೆ ಆದ್ಯತೆಯ ನಿಯಮ ಇಲ್ಲವೇ ಇಲ್ಲ, ಬ್ರ್ಯಾಕೆಟ್ಟೂ ಬೇಡ. ಅಂಕೆಗಳನ್ನು ಮೊದಲು ಕೊಡಬೇಕು, ಚಿಹ್ನೆಯನ್ನು ಕೊನೆಗೆ. 2 3 + 4 * ಎಂದರೆ 20. 2 3 4 * + ಎಂದರೆ 14. ಎರಡರಲ್ಲೂ ಅನುಮಾನಕ್ಕೆ ಜಾಗ ಇಲ್ಲ. ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ಲುಕಾಸೆವಿಚ್ 1920ರ ದಶಕದಲ್ಲಿ ಚಿಹ್ನೆಯನ್ನು ಮುಂದೆ ಇಟ್ಟು ಬ್ರ್ಯಾಕೆಟ್ ಇಲ್ಲದೆ ಬರೆಯುವ ಕ್ರಮ ಕಂಡುಹಿಡಿದಿದ್ದ. ಇದು ಅದರ ತಿರುಗುಮುರುಗು. ಎಚ್‌ಪಿ ಕಂಪನಿಯ 1972ರ ಎಚ್‌ಪಿ-35 ಕ್ಯಾಲ್ಕುಲೇಟರ್‌ನಲ್ಲಿಯೂ ಇದೇ ಪದ್ಧತಿ. ಅದರಲ್ಲಿ '=' ಎಂಬ ಕೀಲಿಯೇ ಇರಲಿಲ್ಲ.

ಇಂಗ್ಲಿಷಿನವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ನಮಗೆ ಹಾಗೆ ಕಾಣಬೇಕಾಗಿಲ್ಲ. ಕನ್ನಡ, ತಮಿಳು, ತುಳು, ಬ್ಯಾರಿ, ಎಲ್ಲದರಲ್ಲೂ ಕ್ರಿಯಾಪದ ಬರುವುದು ಕೊನೆಗೆ. "ಎರಡಕ್ಕೆ ಮೂರು ಕೂಡಿಸು, ನಾಲ್ಕರಿಂದ ಗುಣಿಸು" ಎಂದು ಹೇಳುವವರು ಡಿ.ಸಿ.ಯ ಭಾಷೆಯನ್ನೇ ಮಾತಾಡುತ್ತಿದ್ದಾರೆ. ಕಣಕ್ಕುಪಿಳ್ಳೈಯವರು ನನಗೆ ಬಾಯಲ್ಲಿ ಹೇಳಿದ ಲೆಕ್ಕವನ್ನು ನಾನು ಹಾಗೆಯೇ, ಒಂದು ಶಬ್ದವನ್ನೂ ಅತ್ತಿತ್ತ ಮಾಡದೆ ಹಾಕಿದೆ: 39200 104 * 100 / 250 + 3500 +. ಬಂದದ್ದು 44518. ಮಾತಿನಲ್ಲಿ ಸರಿ ಇದ್ದದ್ದು ಕಾಗದಕ್ಕೆ ಇಳಿಯುವಾಗ ಕೆಟ್ಟಿತ್ತು.

ಬಿ.ಸಿ.ಗೂ ಅದರದೇ ಹಠಗಳಿವೆ. ಬಳಸುವವರಿಗೆ ತಿಳಿದಿರಲಿ ಎಂದು ಮೂರನ್ನು ಹೇಳುತ್ತೇನೆ. ಒಂದು, ಅದರಲ್ಲಿ % ಎಂದರೆ ಪರ್ಸೆಂಟ್ ಅಲ್ಲ, ಭಾಗಿಸಿ ಉಳಿದ ಶೇಷ. 39200 % 4 ಎಂದರೆ ದಲ್ಲಾಳಿ ಸಿಗುವುದಿಲ್ಲ, ಸೊನ್ನೆ ಸಿಗುತ್ತದೆ. ಎರಡು, ದಶಮಾಂಶ ಎಷ್ಟು ಬೇಕು ಎಂದು ಮೊದಲೇ ಹೇಳದಿದ್ದರೆ ಅದು ಭಾಗಾಕಾರದಲ್ಲಿ ಚಿಲ್ಲರೆ ಬಿಟ್ಟುಬಿಡುತ್ತದೆ. 39200 * 4 / 100 ಎಂದರೆ 1568. ಅದನ್ನೇ 4 / 100 * 39200 ಎಂದು ಬರೆದರೆ ಸೊನ್ನೆ! ಗುಣಾಕಾರ, ಭಾಗಾಕಾರ ಎರಡಕ್ಕೂ ಒಂದೇ ಆದ್ಯತೆ, ಆದ್ದರಿಂದ ಎಡದಿಂದ ಹೋಗುತ್ತದೆ. ನೂರರಿಂದ ನಾಲ್ಕನ್ನು ಭಾಗಿಸಿದರೆ ಪೂರ್ಣಾಂಕದಲ್ಲಿ ಏನೂ ಇಲ್ಲ, ಏನೂ ಇಲ್ಲದ್ದನ್ನು ಎಷ್ಟರಿಂದ ಗುಣಿಸಿದರೂ ಅಷ್ಟೇ. ಮೂರು, -2^2 ಎಂದು ಬರೆದರೆ ಬಿ.ಸಿ. 4 ಎನ್ನುತ್ತದೆ, ಎಕ್ಸೆಲ್ ಕೂಡ 4. ಶಾಲೆಯ ಗಣಿತ −4 ಎನ್ನುತ್ತದೆ, ಪೈಥಾನ್ ಭಾಷೆಯೂ ತನ್ನ ಚಿಹ್ನೆಯಲ್ಲಿ ಬರೆದರೆ −4 ಎನ್ನುತ್ತದೆ. ಋಣ ಚಿಹ್ನೆ ಮೊದಲೋ, ವರ್ಗ ಮೊದಲೋ ಎಂಬುದರಲ್ಲಿ ಇವರ ನಡುವೆಯೇ ಒಮ್ಮತ ಇಲ್ಲ. ಲೆಕ್ಕದ ಭಾಷೆ ಬರೆದ ಪಂಡಿತರಿಗೇ ಹೀಗಾದರೆ, ಮಂಡಿಯ ಮುದುಕರನ್ನೂ ಮಂಗಳೂರಿನ ಹುಡುಗನನ್ನೂ ದೂರಿ ಏನು?

ಬಿಲ್ಲುಗಳನ್ನೆಲ್ಲ ಹಾಕಿ ಮುಗಿದಾಗ ಹೆಚ್ಚು ಹೋದ ಹಣ 12,740 ರೂಪಾಯಿ ಎಂದು ಸಿಕ್ಕಿತು. ಪ್ರತಿ ಬಿಲ್ಲಿನಲ್ಲೂ ವ್ಯತ್ಯಾಸ ಕೂಲಿ ಮತ್ತು ಬಾಡಿಗೆಯ ಸರಿಯಾಗಿ ನಾಲ್ಕು ಪರ್ಸೆಂಟ್. ಕದಿಯುವವರು ಇಷ್ಟು ಶಿಸ್ತಿನಲ್ಲಿ, ಒಂದು ಬಿಲ್ಲನ್ನೂ ಬಿಡದೆ, ಎಲ್ಲರಿಗೂ ಕಾಣುವಂತೆ ಪ್ರಿಂಟ್ ಹಾಕಿ ಕದಿಯುವುದಿಲ್ಲ. ಆ ಹಣ ಕಣಕ್ಕುಪಿಳ್ಳೈಯವರ ಜೇಬಿಗೂ ಹೋಗಿರಲಿಲ್ಲ, ಅವರು ತಿಂಗಳ ಸಂಬಳದವರು. ಮಂಡಿಯ ಮಾಲಿಕರು ಕಾಗದ ನೋಡಿ ತಕ್ಷಣ ಒಪ್ಪಿದರು, ಮುಂದಿನ ಲೋಡುಗಳಲ್ಲಿ ಕಳೆದುಕೊಟ್ಟರು. ಬೇರೆ ಊರಿನ ಖರೀದಿದಾರರಿಗೂ ಹಾಗೇ ಆಗಿದೆಯೇ ಎಂದು ನೋಡಲು ಮಗನಿಗೆ ಹೇಳಿದರು. ಹಣದ ವಿಷಯ ಅರ್ಧ ಗಂಟೆಯಲ್ಲಿ ಮುಗಿಯಿತು.

ಮನಸ್ಸಿನ ವಿಷಯ ಅಷ್ಟು ಬೇಗ ಮುಗಿಯಲಿಲ್ಲ. ಕಣಕ್ಕುಪಿಳ್ಳೈಯವರು ಬಸ್ ನಿಲ್ದಾಣದವರೆಗೆ ನನ್ನ ಜೊತೆ ನಡೆದು ಬಂದರು. ಅಷ್ಟು ಹೊತ್ತಿಗೆ ನಾನು "ತಂಬಿ" ಆಗಿದ್ದೆ. "ಲೆಕ್ಕ ತಪ್ಪಿದ್ದಕ್ಕೆ ನನಗೆ ಬೇಜಾರಿಲ್ಲ ತಂಬಿ. ನಲವತ್ತು ವರ್ಷದಿಂದ ಬರೆಯುತ್ತಿದ್ದೇನೆ, ತಪ್ಪೂ ಆಗಿದೆ, ತಿದ್ದಿದ್ದೂ ಆಗಿದೆ. ಯಾವುದರ ಮೇಲೆ ನಾಲ್ಕು ಹಾಕಿದ್ದೀರಿ ಅಂತ ನಿಮ್ಮ ಹುಡುಗ ಒಂದು ಮಾತು ಕೇಳಿದ್ದರೆ ಆವತ್ತೇ ಸಿಕ್ಕಿಬಿಡುತ್ತಿತ್ತು. ಅವನು ಕೇಳಿದ್ದು ಎಷ್ಟು ತಿಂದಿರಿ ಅಂತ" ಎಂದರು. ನಾನು ಏನು ಹೇಳಲಿ? ಊರಿಗೆ ಬಂದು ಕಾಕನಿಗೆ ಈ ಮಾತನ್ನು ಹಾಗೆಯೇ ಹೇಳಿದೆ, ಮಗನೂ ಅಲ್ಲೇ ಇದ್ದ. ಮರುವಾರ ಕಾಕ ಅವನನ್ನೇ ಲಾರಿಯಲ್ಲಿ ಒಡ್ಡನ್‌ಛತ್ರಕ್ಕೆ ಕಳುಹಿಸಿದರು. ಅಲ್ಲಿ ಏನು ಮಾತಾಯಿತು ಎಂದು ಅವನು ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ರಾತ್ರಿಯ ಫೋನು ಮತ್ತೆ ಶುರುವಾಗಲು ಒಂದು ತಿಂಗಳು ಹಿಡಿಯಿತು.

ಈ ಮೊದಲು-ಆಮೇಲೆ ಎಂಬುದು ಬರೀ ತರಕಾರಿ ಬಿಲ್ಲಿನ ಮಾತಲ್ಲ. ನಮ್ಮ ಮನೆಗಳಲ್ಲಿ ಒಬ್ಬರು ತೀರಿಕೊಂಡರೆ ಆಸ್ತಿಯ ಲೆಕ್ಕ ಹೇಗೆ ಮಾಡಬೇಕು ಎಂದು ಎಲ್ಲರಿಗೂ ಗೊತ್ತು: ಮೊದಲು ದಫನದ ಖರ್ಚು, ಆಮೇಲೆ ಸಾಲ, ಆಮೇಲೆ ವಸಿಯ್ಯತ್ತು ಇದ್ದರೆ ಉಳಿದದ್ದರ ಮೂರನೇ ಒಂದು ಪಾಲು ಮೀರದಂತೆ, ಕೊನೆಗೆ ವಾರಸುದಾರರ ಪಾಲು. ಈ ಕ್ರಮ ಯಾಕೆ ಇಷ್ಟು ಬಿಗಿ ಎಂದು ಅಂಕೆಯಲ್ಲಿ ನೋಡಿ. ದಫನದ ಖರ್ಚು ಕಳೆದು 9 ಲಕ್ಷ ಇದೆ, ಸಾಲ 3 ಲಕ್ಷ, ವಸಿಯ್ಯತ್ತು ಮೂರನೇ ಒಂದು ಪಾಲಿಗೆ. ಸಾಲ ಮೊದಲು ತೀರಿಸಿದರೆ ಉಳಿದ 6 ಲಕ್ಷದಲ್ಲಿ 2 ಲಕ್ಷ ವಸಿಯ್ಯತ್ತಿಗೆ ಹೋಗಿ ವಾರಸುದಾರರಿಗೆ 4 ಲಕ್ಷ. ವಸಿಯ್ಯತ್ತನ್ನು ಮೊದಲು ತೆಗೆದರೆ ಅದಕ್ಕೇ 3 ಲಕ್ಷ, ಸಾಲಕ್ಕೆ 3 ಲಕ್ಷ, ಹೆಂಡತಿ ಮಕ್ಕಳಿಗೆ ಉಳಿಯುವುದು 3 ಲಕ್ಷ. ಕ್ರಮ ಬದಲಾದರೆ ಅನಾಥರ ಒಂದು ಲಕ್ಷ ಹೋಯಿತು. 9ನೇ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಝ್ಮಿ ಬೀಜಗಣಿತದ ಪುಸ್ತಕ ಬರೆದಾಗ ಅದರ ದೊಡ್ಡ ಭಾಗವನ್ನು ಇಂಥ ಪಾಲಿನ ಲೆಕ್ಕಕ್ಕೇ ಇಟ್ಟ. ಅವನ ಹೆಸರಿನಿಂದಲೇ ಕಂಪ್ಯೂಟರಿನವರ ಅಲ್ಗಾರಿದಮ್ ಎಂಬ ಶಬ್ದ ಬಂತು.

ಓದುವವರಿಗೆ ಉಪಯೋಗವಾಗಲಿ ಎಂದು ಒಂದು ಸುಲಭದ ಗುರುತು ಹೇಳುತ್ತೇನೆ. ಬಿಲ್ಲಿನಲ್ಲಿ ಎಲ್ಲವೂ ಇಡಿ ಮೊತ್ತವಾಗಿದ್ದರೆ ಕ್ರಮದ ಚಿಂತೆ ಬೇಡ, ಹೇಗೆ ಕೂಡಿದರೂ ಅಷ್ಟೇ. ಒಂದರ ಹಿಂದೆ ಒಂದಾಗಿ ಎಲ್ಲವೂ ಪರ್ಸೆಂಟ್ ಆಗಿದ್ದರೂ ಚಿಂತೆ ಬೇಡ: 1,000ಕ್ಕೆ 10 ಪರ್ಸೆಂಟ್ ಕಡಿತ ಮಾಡಿ 5 ಪರ್ಸೆಂಟ್ ತೆರಿಗೆ ಹಾಕಿದರೂ 945, ತೆರಿಗೆ ಹಾಕಿ ಕಡಿತ ಮಾಡಿದರೂ 945. ಇಡಿ ಮೊತ್ತವೂ ಪರ್ಸೆಂಟೂ ಒಂದೇ ಬಿಲ್ಲಿನಲ್ಲಿ ಬಂದಾಗ ಮಾತ್ರ ಕಣ್ಣಿಡಬೇಕು. 1,000ದಲ್ಲಿ 100 ರೂಪಾಯಿ ಬಿಟ್ಟು 5 ಪರ್ಸೆಂಟ್ ತೆರಿಗೆ ಹಾಕಿದರೆ 945, ತೆರಿಗೆ ಹಾಕಿದ ಮೇಲೆ 100 ಬಿಟ್ಟರೆ 950. ಅಂಥ ಕಡೆ ಯಂತ್ರವನ್ನು ನಂಬಿ ಕೂರಬೇಡಿ. ಬ್ರ್ಯಾಕೆಟ್ ಹಾಕಿ. ಬ್ರ್ಯಾಕೆಟ್ ಹಾಕಿದರೆ ಸಾದಾ ಯಂತ್ರ ಬಿಟ್ಟು ಉಳಿದವೆಲ್ಲ ಒಂದೇ ಉತ್ತರ ಕೊಡುತ್ತವೆ. ಸಾದಾ ಯಂತ್ರವೇ ಇದ್ದರೆ ಒಳಗಿನದ್ದನ್ನು ಮೊದಲು ಮಾಡಿ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಕೊನೆಗೆ ಬಿಲ್ಲನ್ನು ಒಂದು ಸಲ ಬಾಯಿಬಿಟ್ಟು ಓದಿ, ಎದುರಿನವರಿಗೆ ಕೇಳಿಸುವಂತೆ. ನಮ್ಮ ಮಾತಿನಲ್ಲಿ "ಆಮೇಲೆ" ಎಂಬ ಶಬ್ದ ಇರುವವರೆಗೆ ಕ್ರಮ ಎಲ್ಲಿ ತಪ್ಪಿತು ಎಂದು ಕಿವಿಗೆ ಗೊತ್ತಾಗುತ್ತದೆ.

ಈಗ ಆ ಮಂಡಿಯಿಂದ ಬರುವ ಬಿಲ್ಲಿನಲ್ಲಿ ಮಾಲಿನ ಸಾಲಿನ ಕೆಳಗೇ ದಲ್ಲಾಳಿಯ ಸಾಲು ಇದೆ, ಪಕ್ಕದಲ್ಲಿ ತಮಿಳಿನಲ್ಲಿ "ಮಾಲಿನ ಮೇಲೆ ಮಾತ್ರ" ಎಂದು ಅಚ್ಚಾಗಿದೆ. ಆ ಎರಡನ್ನೂ ಒಳಗೆ ಹಾಕಿ ಕಣಕ್ಕುಪಿಳ್ಳೈಯವರು ನೀಲಿ ಪೆನ್ನಿನಲ್ಲಿ ಒಂದು ಚೌಕ ಎಳೆಯುತ್ತಾರೆ. ಪ್ರಿಂಟ್ ಸರಿ ಇದ್ದರೂ ಎಳೆಯುತ್ತಾರೆ. ಕಾಕ ಮೊತ್ತ ನೋಡುವ ಮೊದಲು ಆ ಚೌಕ ನೋಡುತ್ತಾರೆ.